ಸೀನು ಮರೆತ ಗಾಡಿ

ಕರಕರ, ಕರಕರ, ಒಂದು ಉಸಿರಿನಷ್ಟು ಬಿಡುವು, ಮತ್ತೆ ಕರಕರ. ಹಿತ್ತಿಲ ಶೆಡ್ಡಿನಲ್ಲಿ ಮರಳುಕಾಗದ ತುಕ್ಕನ್ನು ತಿನ್ನುವ ಈ ಸದ್ದು ಬೆಳಗ್ಗೆ ಏಳಕ್ಕೆ ಶುರುವಾದರೆ ಊಟದ ಹೊತ್ತಿನವರೆಗೂ ನಿಲ್ಲುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಗೆ ಬಂದು ಹೆಂಡತಿ ದಿನಕ್ಕೊಮ್ಮೆಯಾದರೂ ಕೂಗುವಳು.

"ರೀ, ಅಲ್ಲಿ ಸೇರ್ಕೊಂಡಿರೋದು ನೀವೋ, ಇಲೀನೋ?"

"ನಾನೇ ಕಣೆ. ಇಲಿ ಆಗಿದ್ರೆ ಇಷ್ಟೊತ್ತಿಗೆ ಕೆಲಸ ಮುಗಿಸಿ ಹೋಗಿರೋದು."

ಅವನನ್ನು ಎಲ್ಲರೂ ಎಳೆಯಪ್ಪ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರಲ್ಲ ಅದು, ಕಾರ್ಖಾನೆ ಇಟ್ಟದ್ದು. ಮೂವತ್ತನಾಲ್ಕು ವರ್ಷ ತಪಾಸಣೆ ಕೋಣೆಯ ಬೆಂಚಿನ ಮುಂದೆ ಕೂತು, ಲೇತ್ ಯಂತ್ರದಲ್ಲಿ ಕಡೆದು ಬಂದ ಪೀಸುಗಳನ್ನು ಅಳೆಯುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆದರೂ ಸರಿ, ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುತ್ತಿದ್ದ. ಕೂದಲೆಳೆಯಪ್ಪ ಎಂದು ಶುರುವಾದದ್ದು ಬಾಯಿಂದ ಬಾಯಿಗೆ ಸವೆದು ಎಳೆಯಪ್ಪ ಆಯಿತು. ನಿವೃತ್ತಿಯ ದಿನ ಯಾರೋ, "ತಲೇಲಿ ಒಂದೂ ಉಳೀಲಿಲ್ಲ, ಹೆಸರಲ್ಲಿ ಮಾತ್ರ ಉಳ್ಕೊಂಡ್ತು ನೋಡಿ" ಎಂದಾಗ ಅವನೂ ನಕ್ಕಿದ್ದ. ಆ ಕೋಣೆಯಲ್ಲಿ ಅವನೇ ಮಾಡಿದ ಒಂದು ಕಟ್ಟಳೆ ಇತ್ತು. ಪಾಸಾದ ಪೆಟ್ಟಿಗೆಯಲ್ಲಿ ಒಂದೇ ಒಂದು ಕೆಟ್ಟ ಪೀಸು ಸಿಕ್ಕರೂ ಇಡೀ ಪೆಟ್ಟಿಗೆ ವಾಪಸ್ಸು. ಉಳಿದವು ಸರಿಯಾಗಿಯೇ ಇರಬಹುದು. ಆದರೆ ಇನ್ನು ಅವನ್ನು ನಂಬುವಂತಿಲ್ಲ.

ಶೆಡ್ಡಿನಲ್ಲಿ ಇದ್ದದ್ದು ತಮ್ಮನ ಮೋಟರ್ ಸೈಕಲ್ಲು. ತಮ್ಮ ಹೋಗಿ ನಾಲ್ಕು ವರ್ಷ. ಅಷ್ಟೂ ಕಾಲ ಅದು ತಮ್ಮನ ಮನೆಯ ಗೋಡೆಗೂ ಪಕ್ಕದ ಮನೆಯ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ, ಹರಿದ ಪ್ಲಾಸ್ಟಿಕ್ ಹಾಳೆಯ ಕೆಳಗೆ ನಿಂತಿತ್ತು. ಟಯರುಗಳು ನೆಲಕ್ಕೆ ಅಂಟಿದ್ದವು. ಸೀಟಿನ ಒಳಗಿನ ಸ್ಪಂಜನ್ನು ಇಲಿಗಳು ಎಳೆದು ಹಾಕಿದ್ದವು. ಎರಡು ತಿಂಗಳ ಹಿಂದೆ ತಮ್ಮನ ಹೆಂಡತಿ ಬಂದು, ಬಾಗಿಲ ಬಳಿ ಚಪ್ಪಲಿಯನ್ನೂ ಬಿಡದೆ ನಿಂತು ಕೇಳಿದ್ದಳು.

"ಭಾವ, ಮಗಳ ಮನೆಗೆ ಹೋಗಿ ಇದ್ದುಬಿಡೋಣ ಅಂತ. ಮೂರನೇ ಮಹಡಿ. ಗಾಡಿ ತಗೊಂಡು ಹೋಗೋ ಹಾಗಿಲ್ಲ, ಅದು ನಿಮ್ಮ ಹತ್ರಾನೇ ಇರ್ಲಿ. ಆದ್ರೆ ನಾನು ಹೋಗೋಕ್ ಮುಂಚೆ ಒಂದೇ ಒಂದ್ಸಲ ಅದನ್ನ ಮೊದಲಿನ ಹಾಗೆ ಮಾಡಿ, ಸಾಯಂಕಾಲ ಆರು ಗಂಟೆಗೆ ನಮ್ಮ ಬೀದಿಗೆ ತಗೊಂಡು ಬರ್ತೀರಾ? ನಾನು ಗೇಟಲ್ಲಿ ನಿಂತಿರ್ತೀನಿ. ಅಷ್ಟೇ."

"ಮೊದಲಿನ ಹಾಗೆ ತಾನೇ? ಆಯ್ತು ಬಿಡಮ್ಮ" ಎಂದಿದ್ದ ಎಳೆಯಪ್ಪ. ಯಾರಿಗೂ ಏನನ್ನೂ ಅಷ್ಟು ಬೇಗ ಒಪ್ಪಿಕೊಂಡವನಲ್ಲ ಅವನು.

ಒಪ್ಪಿಕೊಂಡದ್ದಕ್ಕೆ ಕಾರಣ ಇತ್ತು. ಸಾಯುವ ಮುಂಚಿನ ಐದು ವರ್ಷ ತಮ್ಮ ಅವನ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಕೊನೆಯ ಸಲ ಬಂದದ್ದು ಇದೇ ಗಾಡಿಯನ್ನು ಗೇಟಿನಿಂದ ಒಳಕ್ಕೆ ತಳ್ಳಿಕೊಂಡು. ಎಂಜಿನ್ನಿನ ಬಾಯಿಗೂ ಸೈಲೆನ್ಸರಿನ ಕೊಳವೆಗೂ ನಡುವೆ ಬಳೆಯಂಥದೊಂದು ರಿಂಗು ಕೂರಬೇಕು, ಹೊಗೆ ಸೋರದಂತೆ. ಅದು ಸವೆದುಹೋಗಿ, ತಮ್ಮ ಎಣ್ಣೆ ಡಬ್ಬದ ತಗಡನ್ನು ಕತ್ತರಿಯಲ್ಲಿ ಕತ್ತರಿಸಿ ತಾನೇ ಒಂದನ್ನು ಮಾಡಿ ಕೂರಿಸಿದ್ದ. ಅವತ್ತು ಶೆಡ್ಡಿನ ಮುಂದೆ ಕಾರ್ಖಾನೆಯ ನಾಲ್ಕು ಜನ ಗೆಳೆಯರೂ ಇದ್ದರು. ಎಳೆಯಪ್ಪ ಆ ತಗಡನ್ನು ಬಿಚ್ಚಿ ತೆಗೆದು, ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ.

"ನೋಡ್ರಪ್ಪ, ನನ್ನ ಒಡಹುಟ್ಟಿದವನ ಕೈಕೆಲಸ. ಇದಕ್ಕೆ ಕೆಂಪು ಬಳೀಬೇಕೋ, ಮಾಡಿದ ಕೈಗೆ ಬಳೀಬೇಕೋ?"

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ನಗುತ್ತಲೇ ಅಣ್ಣನ ಕೈಯಿಂದ ಆ ತಗಡನ್ನು ತೆಗೆದುಕೊಂಡು, ಮತ್ತೆ ಅದೇ ಜಾಗದಲ್ಲಿ ಕೂರಿಸಿ, ಬೋಲ್ಟು ಬಿಗಿದು, ಗಾಡಿ ಹತ್ತಿ ಹೋದ. ಮತ್ತೆ ಬರಲಿಲ್ಲ.

ಮಾರನೆಯ ದಿನವೇ ಎಳೆಯಪ್ಪ ಕಾರ್ಖಾನೆಯ ಊಟದ ಬಿಡುವಿನಲ್ಲಿ ಲೇತಿನ ಮುಂದೆ ನಿಂತು ತಾಮ್ರದ ರಿಂಗೊಂದನ್ನು ಮಾಡಿಸಿದ್ದ. ಅಳೆದು, ಒರೆಸಿ, ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟ. ಅವನೇ ಬರಲಿ, ಬಂದರೆ ಕೊಡೋಣ ಎಂದುಕೊಂಡ. ಅಣ್ಣನಾದವನು ತಾನಾಗಿ ಹೋಗುವುದು ಹೇಗೆ? ಬೆಂಕಿಪೊಟ್ಟಣ ಶೆಡ್ಡಿನ ಡ್ರಾಯರಿನಲ್ಲೇ ಉಳಿಯಿತು. ತಮ್ಮ ಆಸ್ಪತ್ರೆ ಸೇರಿದ ಸುದ್ದಿ ಬಂದಾಗ ಎಳೆಯಪ್ಪ ಅದನ್ನು ಜೇಬಿಗೆ ಹಾಕಿಕೊಂಡೇ ಓಡಿದ್ದ. ಅಷ್ಟು ಹೊತ್ತಿಗೆ ತಮ್ಮನಿಗೆ ಗುರುತು ಹತ್ತುತ್ತಿರಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಅವನು ಜೇಬಿನಿಂದ ಇಣುಕುವ ಬೆಂಕಿಪೊಟ್ಟಣದ ಮೇಲೆ ಕೈಯಿಟ್ಟುಕೊಂಡು ಕೂತದ್ದನ್ನು ಕಂಡ ನರ್ಸು, "ಇಲ್ಲಿ ಬೀಡಿ ಸೇದಬಾರದು ಯಜಮಾನ್ರೆ" ಎಂದಿದ್ದಳು.

ಈಗ ಗಾಡಿಯನ್ನು ಬಿಚ್ಚಿದಂತೆಲ್ಲ ತಮ್ಮ ಸಿಗುತ್ತ ಹೋದ. ಕ್ಲಚ್ಚಿನ ಹಿಡಿಕೆಗೆ ಸುತ್ತಿದ ಸೈಕಲ್ ಟ್ಯೂಬು. ಸ್ಪ್ರಿಂಗ್ ಇರಬೇಕಾದಲ್ಲಿ ಬಾಗಿಸಿದ ಸೇಫ್ಟಿ ಪಿನ್ನು. ಆರು ಬೋಲ್ಟುಗಳ ಜಾಗದಲ್ಲಿ ಮೂರು ಬೋಲ್ಟು, ಒಂದು ಮೊಳೆ, ಎರಡು ಖಾಲಿ ತೂತು. "ನಿನ್ನ ಮನೆ ಕಾಯ್ವಾಗ" ಎಂದು ಗೊಣಗುತ್ತ ಎಳೆಯಪ್ಪ ಒಂದೊಂದನ್ನೇ ತೆಗೆದು ಗುಜರಿ ಡಬ್ಬಕ್ಕೆ ಹಾಕಿದ. ಗೊಣಗುವಾಗ ಮುಖ ಮಾತ್ರ ನಗುತ್ತಿತ್ತು. ಸೈಲೆನ್ಸರಿನ ಬಾಯಿ ಬಿಚ್ಚಿದಾಗ ಆ ತಗಡಿನ ರಿಂಗು ಹಾಗೇ ಇತ್ತು, ಸುಟ್ಟು ಕಪ್ಪಾಗಿ, ಒಂದು ಕಡೆ ಮಡಚಿ, ಇನ್ನೊಂದು ಕಡೆ ಹಲ್ಲು ಹಲ್ಲಾಗಿ. ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು ಕೂತ. ಅದೂ ಡಬ್ಬಕ್ಕೆ ಹೋಯಿತು. ಬೆಂಕಿಪೊಟ್ಟಣ ತೆರೆದು ತಾಮ್ರದ ರಿಂಗನ್ನು ಕೂರಿಸಿದಾಗ ಅದು ತಾಯಿಯ ಮಡಿಲಿಗೆ ಮಗು ಬಂದ ಹಾಗೆ ಕೂತಿತು. "ತಗೋಪ್ಪ" ಎಂದ ಎಳೆಯಪ್ಪ, ಶೆಡ್ಡಿನಲ್ಲಿ ಯಾರೂ ಇಲ್ಲದಿದ್ದರೂ ಗಟ್ಟಿಯಾಗಿಯೇ.

ಡಬ್ಬ ತುಂಬಿದ ವಾರ ಗುಜರಿಯವನು ಬಂದು ಹೊತ್ತುಕೊಂಡು ಹೋದ. ಶೆಡ್ಡಿನಲ್ಲಿ ಕಸ ಇಟ್ಟುಕೊಳ್ಳುವ ಜಾಯಮಾನ ಎಳೆಯಪ್ಪನದಲ್ಲ.

ಗೊತ್ತು ಮಾಡಿದ ಸಾಯಂಕಾಲ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಟ್ಯಾಂಕಿನ ಕರಿ ಬಣ್ಣದಲ್ಲಿ ಬೀದಿಯ ದೀಪದ ಕಂಬಗಳು ಬಾಗಿ ಬಾಗಿ ಸರಿಯುತ್ತಿದ್ದವು. ಎಂಜಿನ್ನು ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು, ಒಂದು ಹೊಲಿಗೆಯೂ ತಪ್ಪದೆ. ತಿರುವಿನಲ್ಲಿ ತಮ್ಮನ ಹೆಂಡತಿ ಕಂಡಳು. ಗೇಟಿನ ಸರಳು ಹಿಡಿದು ನಿಂತಿದ್ದಳು, ತುಟಿ ಅರ್ಧ ತೆರೆದು, ಏನೋ ಹೇಳಲು ಕಾದವಳಂತೆ. ಗಾಡಿ ಹತ್ತಿರ ಬಂತು. ಇನ್ನೂ ಹತ್ತಿರ. ಗೇಟಿನ ಮುಂದೆ ನಿಂತಿತು. ಅವಳ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು.

"ಏನಮ್ಮ, ಹೇಗಿದೆ?"

"ಚೆನ್ನಾಗಿದೆ ಭಾವ. ತುಂಬ ಚೆನ್ನಾಗಿದೆ." ಅವಳು ಗಾಡಿಯನ್ನು ಬೇರೆಯವರ ಮಗುವನ್ನು ಮುಟ್ಟುವ ಹಾಗೆ ಮುಟ್ಟಿದಳು. "ಸೀನ್ಲಿಲ್ಲ ಅಲ್ವಾ?"

"ಏನು?"

"ಅದು ಸೀನ್ತಿತ್ತಲ್ಲ, ಭಾವ. ಡುಗುಡುಗು ಡುಗುಡುಗು ಅಂತ ಬಂದು, ಸರಿಯಾಗಿ ಆ ತಿರುವಲ್ಲಿ ನಿಧಾನ ಮಾಡ್ದಾಗ ಆಕ್ಷಿ ಅಂತಿತ್ತು. ನಾನು ಒಳಗಿಂದಾನೇ 'ನೂರು ವರ್ಷ ಬಾಳು' ಅಂತಿದ್ದೆ. ಅವರು ಗಾಡಿ ಒಳಗೆ ಹಾಕ್ತಾ, 'ಗಾಡಿಗೋ ನನಗೋ' ಅಂತ ಕೇಳೋರು. 'ಗಾಡಿಗೇ, ನಿಮಗ್ಯಾಕೆ' ಅಂತಿದ್ದೆ." ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ದಿನಾ ಹಾಗೇ. ಇವತ್ತೂ ಅನ್ನೋಣ ಅಂತ ನಿಂತಿದ್ದೆ. ನಿಮಗೆ ಗೊತ್ತು ಅಂದ್ಕೊಂಡಿದ್ದೆ."

ಎಳೆಯಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾಗಲು ಅವನು ಆ ಬೀದಿಗೆ ಬಂದಿದ್ದರಲ್ಲವೇ? ಮೊದಲಿನ ಹಾಗೆ ಎಂದರೆ ಕಾರ್ಖಾನೆಯಿಂದ ಹೊಸದಾಗಿ ಹೊರಬಂದ ದಿನದ ಹಾಗೆ ಎಂದುಕೊಂಡಿದ್ದ. ಅವಳ ಮೊದಲು ಬೇರೆ ಇತ್ತು.

"ಇನ್ನೂ ಎಂಟು ದಿನ ಇದೀಯಲ್ಲ? ಸೀನಿಸ್ತೀನಿ" ಎಂದ.

ಸೀನುತ್ತಿದ್ದದ್ದು ಆ ತಗಡಿನ ರಿಂಗಿನ ಸಂದಿಯಿಂದಲೇ ಇರಬೇಕು ಎಂದುಕೊಂಡು ಗುಜರಿ ಅಂಗಡಿಗೆ ಹೋದ. ಮಾಲು ಆಗಲೇ ಕರಗಿಸಲು ಹೋಗಿತ್ತು. ಅಂಗಡಿಯವನು, "ತಗಡು ತಾನೇ ಸ್ವಾಮಿ, ಎಷ್ಟು ಬೇಕು ಹೇಳಿ, ಮೂಟೆ ಕೊಡ್ತೀನಿ" ಎಂದು ನಕ್ಕ. ಎಳೆಯಪ್ಪ ಎಣ್ಣೆ ಡಬ್ಬದ ತಗಡು ತಂದು ಕೂತ. ಮೊದಲನೆಯ ರಿಂಗು ಎಷ್ಟು ದುಂಡಗೆ ಬಂತೆಂದರೆ ತಾಮ್ರದ್ದಕ್ಕೂ ಅದಕ್ಕೂ ಸದ್ದಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಎರಡನೆಯದನ್ನು ಬೇಕೆಂದೇ ಅಂಕುಡೊಂಕು ಮಾಡಿದ. ಅಂಕುಡೊಂಕೂ ಲೆಕ್ಕವಿಟ್ಟ ಹಾಗೆ ಬಂತು, ಗಾಡಿ ಸಿಳ್ಳೆ ಹಾಕಿತು. ಕನ್ನಡಕ ತೆಗೆದಿಟ್ಟು ಕತ್ತರಿಸಿದ. ಎಡಗೈಯಲ್ಲಿ ಕತ್ತರಿಸಿ ಹೆಬ್ಬೆರಳು ಕುಯ್ದುಕೊಂಡ. ಒಂದು ಕೆಮ್ಮಿತು, ಒಂದು ಗೊರಕೆ ಹೊಡೆಯಿತು. ತಪ್ಪು ಹಿಡಿಯುವುದರಲ್ಲಿ ಜೀವ ತೇಯ್ದ ಕೈಗೆ ತಪ್ಪು ಮಾಡಲು ಬರಲಿಲ್ಲ. ತಮ್ಮ ಆ ತಗಡನ್ನು ಹೇಗೆ ಮಡಚಿದ್ದ? ಹಲ್ಲು ಯಾವ ಕಡೆಗಿತ್ತು? ಸಾವಿರ ಪೀಸುಗಳ ಅಳತೆ ಬಾಯಿಪಾಠ ಇದ್ದವನು, ಎರಡು ಸಲ ಕೈಯಲ್ಲಿ ಹಿಡಿದ ಅದೊಂದನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ.

"ಎಷ್ಟನೇದ್ರೀ ಇದು?" ಎಂದಳು ಹೆಂಡತಿ, ಬೆರಳಿಗೆ ಬಟ್ಟೆ ಸುತ್ತುತ್ತ.

"ಹದಿನೇಳು."

"ಅವನಿಗೆ ಒಂದರಲ್ಲೇ ಬಂದಿತ್ತು."

"ಹೂಂ" ಎಂದ ಎಳೆಯಪ್ಪ. "ಅವನು ಕಲಿತಿರ್ಲಿಲ್ಲ ನೋಡು."

ಹೆಂಡತಿ ನಗಲಿಲ್ಲ. ಗಂಟು ಹಾಕಿ, ಆ ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದಳು.

ತಮ್ಮನ ಹೆಂಡತಿ ಹೊರಡುವ ದಿನ ಸಾಮಾನಿನ ವ್ಯಾನು ಮುಂಚೆಯೇ ಹೋಗಿತ್ತು. ಅವಳೊಬ್ಬಳು ಕಾರಿಗೆ ಕಾಯುತ್ತ, ಖಾಲಿ ಮನೆಯ ಗೇಟಿನಲ್ಲಿ ಒಂದು ಚೀಲ ಹಿಡಿದು ನಿಂತಿದ್ದಳು. ಎಳೆಯಪ್ಪ ಇಪ್ಪತ್ತಮೂರನೆಯ ತಗಡು ಹಾಕಿಕೊಂಡು ಬಂದ. ಬರುವ ದಾರಿಯುದ್ದಕ್ಕೂ ಗಾಡಿ ಏನೇನೋ ಸದ್ದು ಮಾಡಿತ್ತು. ತಿರುವಿನಲ್ಲಿ ನಿಧಾನ ಮಾಡಿದ. ಗಾಡಿ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಮ್ಮೆ ಖೊಕ್ ಎಂದಿತು, ಅಷ್ಟೆ.

"ನೂರು ವರ್ಷ ಬಾಳು!" ಎಂದಳು ಅವಳು.

ಎಳೆಯಪ್ಪ ಎಂಜಿನ್ನು ಆರಿಸಿದ. ಅವಳ ಮುಖ ನೋಡಿದ. ಅವಳು ನಗುತ್ತಿದ್ದಳು, ಕಣ್ಣು ತುಂಬಿಕೊಂಡಿತ್ತು.

"ಹೀಗೇ ಇತ್ತಾ?"

"ಥೇಟ್ ಹೀಗೇ, ಭಾವ. ಅವರೇ ಬಂದ ಹಾಗಾಯ್ತು."

ಅಳೆಯದೆ ಪಾಸು ಮಾಡಿದವರ ಮುಖ ಹೇಗಿರುತ್ತದೆಂದು ಎಳೆಯಪ್ಪನಿಗೆ ಮೂವತ್ತನಾಲ್ಕು ವರ್ಷದಿಂದ ಗೊತ್ತು. ಬೆಂಚಿನ ಆಚೆ ನಿಂತು ಕಣ್ಣು ತಪ್ಪಿಸುವ ಮುಖ. ಇವಳದು ತಪ್ಪಿಸುತ್ತಿರಲಿಲ್ಲ. ಅವನಿಗಾಗಿಯೇ ನೆಟ್ಟು ಹಿಡಿದ ನೋಟ ಅದು, ಕರುಣೆಯಿಂದ ತುಂಬಿದ್ದು. ಆದರೂ ಅದೇ ಮುಖ.

"ನಿಮ್ಮ ಬೆರಳಿಗೆ ಏನಾಯ್ತು ಭಾವ?"

"ಏನಿಲ್ಲ. ತಗಡು."

ಬೀದಿಯ ಕೊನೆಯಲ್ಲಿ ಕಾರು ಕಂಡಿತು. ಅವಳು ಚೀಲವನ್ನು ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಭಾವ, ಒಂದು ಮಾತು ನಿಮಗೆ ಹೇಳ್ಲೇ ಇಲ್ಲ ನಾನು. ಅವತ್ತು ನಿಮ್ಮ ಮನೆಯಿಂದ ಬಂದ್ರಲ್ಲ, ಎಲ್ಲರ ಮುಂದೆ ನೀವು ಆ ತಗಡು ತೋರಿಸಿದ ದಿನ. ಬಂದವರು ಚಪ್ಪಲಿ ಬಿಡ್ತಾ ನಿಮ್ಮ ಬಗ್ಗೆ ಏನಂದ್ರು ಗೊತ್ತಾ..."

ಒಂಬತ್ತು ವರ್ಷ ಅವನು ಕಾದದ್ದು ಈ ಒಂದು ಮಾತಿಗೆ. ಎಂಟು ದಿನದ ಹಿಂದೆ ಹೇಳಿದ್ದರೆ ನೆಲದ ಮೇಲೆ ಕೂತು ಕೇಳುತ್ತಿದ್ದ. ಈಗ, ಅವಳು ಹೇಳುವುದು ನಿಜವೇ ಇರಬಹುದು. ಆದರೆ ಆಗತಾನೇ ಆ ಬಾಯಿಂದ, ಅವನ ಮೇಲಿನ ಪ್ರೀತಿಗೆ, ಒಂದು ಕೆಟ್ಟ ಪೀಸು ಪಾಸಾಗಿ ಬಂದಿತ್ತು. ಇನ್ನು ಇಡೀ ಪೆಟ್ಟಿಗೆ ವಾಪಸ್ಸು.

"...ಬೇಜಾರೇ ಇರ್ಲಿಲ್ಲ ಭಾವ ಅವರಿಗೆ, ನಗ್ತಾನೇ..."

ಎಳೆಯಪ್ಪ ಸ್ಟ್ಯಾಂಡು ಎತ್ತಿದ. ಗಾಡಿಯನ್ನು ಹಿಡಿಕೆ ಹಿಡಿದು ಮೆಲ್ಲಗೆ ತಿರುಗಿಸಿ, ತಳ್ಳಿಕೊಂಡು, ಬಂದ ದಾರಿಯಲ್ಲೇ ನಡೆದ.

"ಭಾವ, ಪೂರ್ತಿ ಕೇಳಿ, ಅವರು ಅಂದಿದ್ದು..."

ಅವನು ತಿರುವನ್ನು ದಾಟುತ್ತಿದ್ದ.