ನಲವತ್ತೆರಡು ಕಿಲೋ ಇನ್ನೂರು

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವರನ್ನು ಹುಡುಗರು ಬೆನ್ನ ಹಿಂದೆ 'ತಕ್ಕಡಿ' ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. "ಡೋಲು ಅಂತ ಕರೆಸ್ಕೊಳ್ಳೋದಕ್ಕಿಂತ ವಾಸಿ" ಎಂದು ನಮ್ಮ ಮುಖ್ಯಸ್ಥರ ಕೋಣೆಯ ಕಡೆ ಕಣ್ಣು ಹಾಯಿಸುವರು. ನಾನು ಪಾಠ ಮಾಡಲು ಸೇರಿದಾಗ ಚಿನ್ನದ ಪದಕದ ಜಂಬ ತಲೆಗೇರಿತ್ತು. ಮೊದಲ ದಿನವೇ ಅದನ್ನು ಇಳಿಸಿದವರು ಇವರು. ಒಲೆಯಿಂದ ತೆಗೆದ ಪಿಂಗಾಣಿ ಬಟ್ಟಲನ್ನು ಹಾಗೇ ತಕ್ಕಡಿಗಿಡಲು ಹೋದೆ. "ಆರಲಿ ಮೇಡಂ, ಬಿಸಿ ಪಾತ್ರೆ ಸುಳ್ಳು ತೂಕ ಹೇಳುತ್ತೆ" ಎಂದರು. ಹುಡುಗರೆದುರು ನನ್ನ ಕಿವಿ ಕೆಂಪಾಯಿತು.

ಪ್ರತಿ ವರ್ಷದ ಮೊದಲ ಪಾಠ ಒಂದೇ: ಜಾಗ ಹಿಡಿಯುವುದು, ತೂಕವಿರುವುದು ಯಾವುದೋ ಅದೇ ದ್ರವ್ಯ. ಅವರು ಬಾಗಿಲ ಬಳಿ ನಿಂತು, "ಹಾಗಾದ್ರೆ ನಮ್ಮ ಪ್ರಿನ್ಸಿಪಾಲರೂ ದ್ರವ್ಯಾನೇ, ಚೆನ್ನಾಗಿ ಜಾಗ ಹಿಡೀತಾರೆ" ಎಂದು ಪಿಸುಗುಟ್ಟುವರು. ನಾನು ನಗು ತಡೆಯಲಾಗದೆ ಬೋರ್ಡಿನ ಕಡೆ ತಿರುಗುತ್ತಿದ್ದೆ.

ಅಳೆಯದೆಯೇ ಅಂಕಿ ಬರೆದುಕೊಂಡು ಬರುವ ಹುಡುಗರನ್ನು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ನಾವು ಮೇಷ್ಟ್ರುಗಳು ಸಹಿ ಹಾಕಿ ಕಳಿಸಿದ್ದನ್ನೂ ಅವರು ಒಂದು ನೋಟದಲ್ಲೇ ಹಿಡಿಯುವರು. "ಮೂರು ಸಲ ತೂಗಿದೀಯ, ಮೂರು ಸಲವೂ ಕೊನೇ ಅಂಕಿ ತನಕ ಒಂದೇ. ಇದು ತೂಗಿದ್ದಲ್ಲಪ್ಪ, ಬೇಯಿಸಿದ್ದು. ಅಡುಗೆ ಮನೇಲಿ ಮಾಡು, ಲ್ಯಾಬಲ್ಲಿ ಬೇಡ." ನಿಜವಾದ ಅಳತೆ ಸ್ವಲ್ಪವಾದರೂ ಅಲುಗುತ್ತದೆ, ಕಲ್ಲಿನ ಹಾಗೆ ಕೂರುವುದಿಲ್ಲ ಎಂಬುದು ಅವರ ಮಾತು. ನಾನು ಇಂದಿಗೂ ಅದನ್ನೇ ಪಾಠ ಮಾಡುತ್ತೇನೆ, ನನ್ನದೇ ಎಂಬಂತೆ.

ಅವರದು ಮಕ್ಕಳಿಲ್ಲದ ಮನೆ, ಇದ್ದದ್ದು ಗಂಡ ಹೆಂಡತಿ ಇಬ್ಬರೇ. ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಗಟ್ಟಿ ಬಾಯಿ, ತೆಳು ಮೈ. "ಇವರು ನನ್ನ ಮದುವೆ ಆಗಿಲ್ಲ ಮೇಡಂ, ದಾಖಲೆ ಪುಸ್ತಕಕ್ಕೆ ಏರಿಸ್ಕೊಂಡಿದಾರೆ" ಎಂದು ನನ್ನೆದುರೇ ಛೇಡಿಸುವರು. ಆ ಬಾಯಿಗೆ ಊಟ ಸೇರದಂತಾದಾಗ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು.

ಡಾಕ್ಟರು ಎರಡು ಇಂಜೆಕ್ಷನ್ ಕೊಟ್ಟು, ಮೂರನೆಯದಕ್ಕೆ ಆರು ವಾರ ಬಿಟ್ಟು ಬರಲು ಹೇಳಿದರು. ಕಡ್ಡಿ ಮುರಿದಂತೆ ಇನ್ನೊಂದು ಮಾತೂ ಹೇಳಿದರು: ಒಂದು ಕಿಲೋ ಇಳಿದರೂ ದಿನ ಕಾಯದೆ ಕರೆತನ್ನಿ, ಸೇರಿಸಿಕೊಂಡು ನಳಿಗೆಯಲ್ಲಿ ಆಹಾರ ಕೊಟ್ಟು ತೂಕ ಹೆಚ್ಚಿಸುತ್ತೇವೆ. ನಲವತ್ತರ ಕೆಳಗೆ ಹೋದರೆ ಆ ಔಷಧಿಯನ್ನು ಮೈ ತಡೆಯುವುದಿಲ್ಲ.

ಕಾಲೇಜಿನ ಉಗ್ರಾಣದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಆಳು ತೂಗುವ ಯಂತ್ರವನ್ನು ಅನುಮತಿ ಪಡೆದು ಮನೆಗೊಯ್ದರು. ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಮುಳ್ಳನ್ನು ಸೊನ್ನೆಗೆ ನಿಲ್ಲಿಸಿ, ಪ್ರತಿ ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ತೂಗಿದರು. ಸೋಮವಾರ ನಾನು ಕೇಳುವ ಮೊದಲೇ ಹೇಳುವರು: "ನಲವತ್ತೆರಡು ಕಿಲೋ ಇನ್ನೂರು, ಮೇಡಂ." ಮುಂದಿನ ಸೋಮವಾರವೂ ಅದೇ. ಅದರ ಮುಂದಿನ ಸೋಮವಾರವೂ ಅದೇ. ನಾನು ಖುಷಿಪಟ್ಟೆ. ನನ್ನ ಬುದ್ಧಿಗೆ ಏನು ಮಂಕು ಬಡಿದಿತ್ತೋ!

ಆರನೆಯ ವಾರ ಆಸ್ಪತ್ರೆಯ ಯಂತ್ರ ಮೂವತ್ತೊಂಬತ್ತೂವರೆ ತೋರಿಸಿತು. ಅವರು ನರ್ಸಿನ ಮೇಲೆ ಹರಿಹಾಯ್ದರು. "ನಿಮ್ಮ ಮಷೀನು ಸೊನ್ನೆಗೇ ನಿಂತಿಲ್ಲಮ್ಮ, ಮೊದಲು ಅದನ್ನ ಸರಿ ಮಾಡಿ." ಆಗ ಹೆಂಡತಿಯೇ ಅವರ ತೋಳು ಹಿಡಿದು ಹೇಳಿದರಂತೆ: "ಮಷೀನು ಸರಿಯಾಗೇ ಇದೆ ರೀ. ನಾನೇ ಸರಿಯಿಲ್ಲ. ಸೊಂಟಕ್ಕೆ ಉಪ್ಪಿನ ಚೀಲ ಕಟ್ಕೋತಿದ್ದೆ."

ಶನಿವಾರ ಗಂಡ ಕಾಲೇಜಿಗೆ ಹೋದ ಮೇಲೆ ಆಕೆ ಒಬ್ಬರೇ ಯಂತ್ರ ಹತ್ತಿ ನಿಜವಾದ ತೂಕ ನೋಡಿಕೊಳ್ಳುತ್ತಿದ್ದರು. ಎಷ್ಟು ಕಡಿಮೆಯಾಗಿದೆಯೋ ಅಷ್ಟು ಉಪ್ಪನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತಾವೇ ಹೊಲಿದ ಚೀಲಕ್ಕೆ ತುಂಬುತ್ತಿದ್ದರು. ಆಕೆಯ ಅಕ್ಕ ಹಿಂದೊಮ್ಮೆ ಆಸ್ಪತ್ರೆ ಸೇರಿದವರು ಮರಳಿ ಬಂದಿರಲಿಲ್ಲ. ತೂಕ ಇಳಿದರೆ ತನ್ನನ್ನೂ ಸೇರಿಸಿಬಿಡುತ್ತಾರೆಂದು ಹೆದರಿದ್ದರು. ಮೂರನೆಯ ಇಂಜೆಕ್ಷನ್ ಕೊಡಲಿಲ್ಲ. ಮೂರು ವಾರ ಮೊದಲೇ ಬಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಆಕೆ ಇಪ್ಪತ್ತು ದಿನ ಬದುಕಿದ್ದರು, ತಮ್ಮ ಮನೆಯಲ್ಲೇ.

ಆಮೇಲೆ ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು. ಅವರು ಗಾಜಿನ ನಳಿಗೆಗಳನ್ನು ತೊಳೆದು ಬೋರಲು ಹಾಕುತ್ತಿದ್ದರು. ಸಮಾಧಾನ ಹೇಳಬೇಕೆಂದು ನಾನು ಬಾಯಿ ತೆರೆದೆ. "ನಿಮ್ಮಂಥವರಿಗೇ ಗೊತ್ತಾಗಲಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಾಗ್ತಿತ್ತು, ಬಿಡಿ."

ಅವರು ನಲ್ಲಿ ನಿಲ್ಲಿಸಿದರು. "ಮೂರನೇ ವಾರಾನೇ ಗೊತ್ತಾಗಿತ್ತು ಮೇಡಂ. ಮೂರು ಸಲವೂ ಕೊನೇ ಅಂಕಿ ತನಕ ಒಂದೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಸೊಂಟದ ಹತ್ರ ಸೀರೆ ಉಬ್ಬಿದ್ದೂ ಕಾಣಿಸ್ತಿತ್ತು. ಕೇಳಿದ್ರೆ ಅವಳು ಚೀಲ ಬಿಚ್ಚಿಡ್ತಿದ್ಲು. ಆಮೇಲೆ ಉಳಿದ ತೂಕಾನ ನಾನು ಓದಬೇಕಿತ್ತಲ್ಲ. ಧೈರ್ಯ ಬರಲಿಲ್ಲ."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಮರುಕ್ಷಣವೇ ಅಳುವೂ ಬಂತು.

"ಹೋಗೋ ಹಿಂದಿನ ದಿನ ಅವಳು ನನ್ನ ಕರೆದು, 'ನಿಮಗೆ ನಿಜವಾಗ್ಲೂ ಗೊತ್ತಾಗಲಿಲ್ವಾ?' ಅಂದ್ಲು. 'ಇಲ್ಲ ಕಣೇ, ಒಂಚೂರೂ ಗೊತ್ತಾಗಲಿಲ್ಲ' ಅಂದೆ. 'ಊರೋರ ಮಕ್ಕಳನ್ನೆಲ್ಲ ಹಿಡಿದವರು, ನನ್ನ ಹಿಡಿಯೋಕೆ ಆಗಲಿಲ್ಲ ನೋಡಿ' ಅಂತ ನಕ್ಕಳು ಮೇಡಂ. ಎಷ್ಟೋ ದಿನದ ಮೇಲೆ ಅಷ್ಟು ನಕ್ಕಿದ್ಲು."