ಒಂಟಿ ಗಾಲಿಯ ಮೇಲಿಂದ ಕಂಡ ಹಿತ್ತಲು

ಮೊನ್ನೆ ಕೊಪ್ಪಳದಲ್ಲಿ ಎಲುಬಿನ ಡಾಕ್ಟರರಿಗೆ ಮೊಣಕಾಲು ತೋರಿಸಲು ಹೋಗಿದ್ದೆ. ಇನ್ನೂ ಮೀಸೆ ಸರಿಯಾಗಿ ಬಲಿಯದ ಡಾಕ್ಟರು. ಎಡಮೊಣಕಾಲಿನ ಕೆಳಗಿರುವ ಹಳೆಯ ಗಾಯದ ಗುರುತನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಭಾಳ ಹಳೇದೈತಲ್ರಿ ಅಮ್ಮಾ, ಎಲ್ಲಿ ಬಿದ್ದಿದ್ರಿ?" ಅಂದರು.

"ಸೈಕಲ್ ಕಲಿಯೂ ಮುಂದ ಬಿದ್ದಿದ್ದೆರಿ."

"ಸಣ್ಣವರಿದ್ದಾಗ ಏನ್ರಿ?"

"ಇಲ್ಲರಿ, ಮದುವಿ ಆದ ಮ್ಯಾಲೆ. ಅದಕ್ಕ ಒಂದ ಗಾಲಿ ಇತ್ತು."

"ಇನ್ನೊಂದು ಕಳಚಿ ಬಿದ್ದಿತ್ತೇನ್ರಿ?"

"ಮೊದಲಿಂದ ಇರಲೇ ಇಲ್ಲರಿ."

ಡಾಕ್ಟರು ತಲೆಯಾಡಿಸಿದರು. ಆಮೇಲೆ ಜೊತೆಗೆ ಬಂದಿದ್ದ ನನ್ನ ಸೊಸೆಯ ಕಡೆ ತಿರುಗಿ, ದನಿ ತಗ್ಗಿಸಿ, "ಇವರದು ನೆನಪಿನ ಶಕ್ತಿ ಹೆಂಗೈತ್ರಿ?" ಎಂದು ಕೇಳಿದರು.

ನನ್ನ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಡಾಕ್ಟರರಿಗೆ ಹೊರಗೆ ಸಾಲು ಕಾಯುತ್ತಿತ್ತು, ಹೇಳಲು ಪುರಸೊತ್ತಾಗಲಿಲ್ಲ. ನಿಮಗೆ ಅಷ್ಟು ಅವಸರವಿರಲಿಕ್ಕಿಲ್ಲ ಎಂದುಕೊಂಡು ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಗಂಗಾವತಿಯ ಹುಡುಗಿಯಾದ ನನ್ನನ್ನು ಕುಷ್ಟಗಿಗೆ ಕೊಟ್ಟಿದ್ದರು. ನಕ್ಷೆಯಲ್ಲಿ ನೋಡಿದರೆ ಎರಡೂ ಊರು ಒಂದು ಗೇಣಿನೊಳಗೇ ಇವೆ. ಆದರೆ ನಮ್ಮ ಕಡೆ ಕಾಲುವೆ, ಗದ್ದೆ, ಮೂರು ಹೊತ್ತೂ ಅನ್ನ. ಇಲ್ಲಿ ಎರೆಹೊಲ, ಜೋಳ, ಮೂರು ಹೊತ್ತೂ ರೊಟ್ಟಿ. ನಾನು ಬಡಿದ ಮೊದಲ ರೊಟ್ಟಿ ಒಂದು ಕಡೆ ಹಪ್ಪಳದಷ್ಟು ತೆಳ್ಳಗೆ, ಇನ್ನೊಂದು ಕಡೆ ಇಟ್ಟಿಗೆಯಷ್ಟು ದಪ್ಪಗೆ ಆಗಿತ್ತು. ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ನನಗೆ ಏನೂ ಅನ್ನಲಿಲ್ಲ. ಹಿತ್ತಲಿಗೆ ಹೋಗಿ ಎಮ್ಮೆಗೆ ಹೇಳಿದರು: "ಅನ್ನ ಉಂಡು ಬೆಳದವರಿಗೆ ರೊಟ್ಟಿ ಎಲ್ಲಿಂದ ಬರಬೇಕವ್ವ."

ಅತ್ತೆಯ ಪದ್ಧತಿಯೇ ಹಾಗಿತ್ತು. ನನಗೆ ಹೇಳಬೇಕಾದದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದರು. ಮಾವ ತೀರಿಕೊಂಡು ವರ್ಷಗಳಾಗಿದ್ದವು. ನಮ್ಮವರು ಕೊಪ್ಪಳದ ಕಚೇರಿಯೊಂದರಲ್ಲಿ ಗುಮಾಸ್ತರು, ಶನಿವಾರ ಬಂದು ಸೋಮವಾರ ಬೆಳಗ್ಗೆ ಹೋಗುವವರು. ಉಳಿದ ದಿನ ಮನೆಯಲ್ಲಿ ನಾವಿಬ್ಬರೇ, ನಡುವೆ ಎಮ್ಮೆ. "ಎಮ್ಮಿ, ಒಲಿ ಮ್ಯಾಲಿನ ಹಾಲು ಉಕ್ಕಾಕತ್ತೈತಿ." "ಎಮ್ಮಿ, ಸಂಜಿಗೆ ಬ್ಯಾಳಿ ಸಾಕು." ನಾನೂ ಮೆಲ್ಲಗೆ ಅದನ್ನೇ ಕಲಿತೆ. "ಎಮ್ಮಿ, ಉಪ್ಪು ತೀರೈತಿ." ಆ ಎಮ್ಮೆಗೆ ತಿಳಿದಷ್ಟು ನಮ್ಮ ಸಂಸಾರದ ವಿಷಯ ಇಡೀ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇದರ ಮೇಲೆ ಒಂದು ತಾಮ್ರದ ಕೊಡ ಕಳೆಯಿತು. ಕುತ್ತಿಗೆಯ ಹತ್ತಿರ ನೆಗ್ಗಿದ್ದ ಕೊಡ, ಅತ್ತೆಯ ತವರಿನದು. ಅದು ಕಳೆದದ್ದು ನಾನು ಮನೆ ತುಂಬಿದ ಮೇಲೆ. ನೀರಿಗೆ ಹೋಗುವವಳೂ ನಾನೇ. ಬಾವಿಯ ಹತ್ತಿರ ಎಲ್ಲೋ ಮರೆತು ಬಂದಿದ್ದೇನೆ ಎಂದು ಅತ್ತೆಗೆ ಅನುಮಾನ. "ಎಮ್ಮಿ, ಕೊಡಕ್ಕೇನು ಕಾಲು ಅದಾವೇನ, ತಾನ ನಡದು ಹೋಗಾಕ?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. ನಾನು ಹೊದಿಕೆಯೊಳಗೆ ಮುಖ ಹಾಕಿ ಅತ್ತದ್ದುಂಟು. ನಮ್ಮವರು ಬಂದಾಗಲೆಲ್ಲ, "ಕೊಪ್ಪಳದಾಗ ಒಂದು ಖೋಲಿ ನೋಡ್ರಿ, ನನ್ನ ಕರಕೊಂಡು ಹೋಗ್ರಿ" ಎಂದು ಪೀಡಿಸುತ್ತಿದ್ದೆ. ಅವರು ನೋಡೋಣ ನೋಡೋಣ ಎನ್ನುತ್ತಿದ್ದರು.

ಆಗ ಊರಿಗೆ ಸೈಕಲ್ ಆಟದವರು ಬಂದರು. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ಸಂತೆ ಬಯಲಿನಲ್ಲಿ ಒಬ್ಬ ಮನುಷ್ಯ ಹಗಲು ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತುತ್ತಿದ್ದ. ಅದರ ಮೇಲೆಯೇ ಹಲ್ಲುಜ್ಜುವುದು, ಸ್ನಾನ, ಊಟ. ಮೈಕಿನಲ್ಲಿ ಹಾಡು. ಸಂಜೆ ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆದುಕೊಳ್ಳುವುದು. ಆ ಮನುಷ್ಯನ ಹೆಂಡತಿ ಶಕೀಲಾ. ಅವಳದು ಒಂಟಿ ಗಾಲಿಯ ಆಟ. ಹಳೆಯ ಸೈಕಲ್ಲಿನ ಒಂದು ಗಾಲಿ, ಅದರ ನಡುವಿನ ಗುಂಬಕ್ಕೇ ಕೂಡಿಸಿದ ಪೆಡಲು, ಮೇಲೊಂದು ಸೀಟು. ಹಿಡಿಯಲು ಹ್ಯಾಂಡಲ್ ಇಲ್ಲ, ನಿಲ್ಲಿಸಲು ಬ್ರೇಕ್ ಇಲ್ಲ. ಶಕೀಲಾ ಅದರ ಮೇಲೆ ಎರಡೂ ಕೈ ಚಾಚಿ, ನೀರು ತುಂಬಿದ ಲೋಟ ತಲೆಯ ಮೇಲಿಟ್ಟುಕೊಂಡು ಬಯಲನ್ನು ಸುತ್ತಿ ಬರುತ್ತಿದ್ದಳು.

ಆಟದವರು ಇಳಿದುಕೊಂಡದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಆಟ ಮುಗಿದಾಗ ಶಕೀಲಾ ಬಸುರಿಯೆಂದು ತಿಳಿಯಿತು. ತವರಿಗೆ ಹೊರಟವಳು ಒಂಟಿ ಗಾಲಿಯನ್ನು ತಂದು ಹಿತ್ತಲಿನ ಕಂಬಕ್ಕೆ ಒರಗಿಸಿ, "ಅಮ್ಮಾ, ಕೂಸಾದ ಮ್ಯಾಲೆ ಬಂದು ಒಯ್ತೀನ್ರಿ. ಕಣ್ಣ ಮುಂದ ಇದ್ದರ ಹತ್ತಬೇಕು ಅನಸ್ತೈತಿ" ಅಂದಳು. ಹೋಗುವ ಮೊದಲು ನನ್ನ ಕಡೆ ನೋಡಿ, "ತಂಗೀ, ಸುಮ್ಮನ ತುಕ್ಕು ಹಿಡಿಸಬ್ಯಾಡ. ಹತ್ತಿ ನೋಡು. ಕೆಳಗ ಮಾತ್ರ ನೋಡಬ್ಯಾಡ, ನೋಡಿದಿ ಅಂದ್ರ ನೆಲ ಕರೀತೈತಿ" ಎಂದು ನಕ್ಕಳು.

ಎರಡು ಗಾಲಿಯ ಸೈಕಲ್ಲನ್ನೇ ಮುಟ್ಟದವಳು ನಾನು. ಗಂಗಾವತಿಯಲ್ಲಿ ಅಣ್ಣನ ಸೈಕಲ್ ಒರೆಸುವ ಕೆಲಸವಷ್ಟೇ ನನ್ನದಾಗಿತ್ತು. ಆದರೂ ಒಂದು ಮಧ್ಯಾಹ್ನ, ಅತ್ತೆ ಹೊಲಕ್ಕೆ ಹೋಗಿದ್ದಾಗ, ಕಂಬ ಹಿಡಿದುಕೊಂಡು ಕಟ್ಟೆಯ ಮೇಲಿನಿಂದ ಅದನ್ನು ಏರಿಯೇ ಬಿಟ್ಟೆ. ಕಂಬ ಬಿಟ್ಟೆ. ಗಾಲಿ ಮುಂದಕ್ಕೆ ಹೋಯಿತು, ನಾನು ಹೋಗಲಿಲ್ಲ. ಮತ್ತೆ ಏರಿದೆ. ಈ ಸಲ ನಾನು ಮುಂದಕ್ಕೆ ಹೋದೆ, ಗಾಲಿ ಬರಲಿಲ್ಲ. ಒಟ್ಟಿದ ಸಗಣಿ ಕುಳ್ಳಿನ ಮೇಲೆ ದೊಪ್ಪೆಂದು ಬಿದ್ದೆ. ಪುಡಿಯಾದ ಕುಳ್ಳನ್ನು ತಲೆಯಿಂದ ಕೊಡವುತ್ತ ಎದ್ದಾಗ, ಬುಟ್ಟಿ ಹೊತ್ತ ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಬೈಗುಳಕ್ಕೆ ಕಾದೆ. ಅತ್ತೆ ಬುಟ್ಟಿ ಇಳಿಸಿ, ಗಾಲಿಯನ್ನು ನೋಡಿ, ಕುಳ್ಳನ್ನು ನೋಡಿ, ಎಮ್ಮೆಯ ಹತ್ತಿರ ಹೋದರು. "ಎಮ್ಮಿ, ಬೀಳೂದಿದ್ರ ಕಣಕಿ ಬಣವಿ ಕಡೆ ಬೀಳಬೇಕು, ಕುಳ್ಳಿನ ಮ್ಯಾಲೆ ಅಲ್ಲ ಅಂತ ಹೇಳು. ಮಳಿಗಾಲಕ್ಕ ಒಲಿ ಹೊತ್ತಬೇಕಲ್ಲ."

ನಾನು ಆ ಮಾತನ್ನು ಅಪ್ಪಣೆಯೆಂದೇ ತಿಳಿದೆ. ಅಂದಿನಿಂದ ಜೋಳದ ಕಣಿಕೆಯ ಬಣವೆಯ ಕಡೆ ಬೀಳತೊಡಗಿದೆ. ಅತ್ತೆ ಕಟ್ಟೆಯ ಮೇಲೆ ಕುಳಿತು ಅವರೆ ಸುಲಿಯುತ್ತ ಎಮ್ಮೆಗೆ ಸೂಚನೆ ಕೊಡುತ್ತಿದ್ದರು. ಬೆನ್ನು ನೆಟ್ಟಗಿರಬೇಕಂತೆ. ಕಾಲಿಗೆ ಭಾರ ಹಾಕಬಾರದಂತೆ, ಸೀಟಿಗೆ ಹಾಕಬೇಕಂತೆ. ಸಂತೆ ಬಯಲಿಗೆ ಒಂದು ದಿನವೂ ತಪ್ಪದೆ ಹೋಗಿ ಶಕೀಲಾಳನ್ನು ಅವರು ಎಷ್ಟು ಕಣ್ಣಿಟ್ಟು ನೋಡಿದ್ದರು ಎಂಬುದು ನನಗೆ ಆಗ ಗೊತ್ತಾಯಿತು.

ಹೀಗಿರುವಾಗ ಒಂದು ದಿನ ಬಣವೆಯ ಬದಲು ಕಲ್ಲಿನ ಗೋಡೆಗೆ ಹೋಗಿ ಬಡಿದೆ. ಮೊಣಕಾಲಿನ ಕೆಳಗೆ ಸೀಳಿ ರಕ್ತ ಸೋರಿತು. ಅತ್ತೆ ಅವರೆಯ ಮೊರ ಚೆಲ್ಲಿ ಓಡಿ ಬಂದರು. "ಯವ್ವಾ, ಎಲ್ಲಿ ಹತ್ತೈತಿ? ತೋರಸು ಇಲ್ಲಿ. ಅಳಬ್ಯಾಡ, ನಾ ಅದೀನಿ." ಅರಿಸಿನ ಒತ್ತಿ ತಮ್ಮ ಸೆರಗಿನ ಅಂಚು ಹರಿದು ಕಟ್ಟಿದರು. ನಾನು ನೋವನ್ನು ಮರೆತು ಅವರ ಮುಖವನ್ನೇ ನೋಡುತ್ತಿದ್ದೆ. ಮದುವೆಯಾದ ಮೇಲೆ ಅವರು ನೇರವಾಗಿ ನನಗೆ ಆಡಿದ ಮೊದಲ ಮಾತುಗಳು ಅವು. ಅವರಿಗೂ ಅದು ಹೊಳೆದಿರಬೇಕು, ಎದ್ದು ಹೋಗಿ ಚೆಲ್ಲಿದ ಅವರೆ ಆರಿಸತೊಡಗಿದರು. ಎಮ್ಮೆ ಇಬ್ಬರನ್ನೂ ನೋಡಿ ಮೆಲುಕು ಹಾಕುವುದನ್ನು ನಿಲ್ಲಿಸಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ಗಾಯ ಮಾಗಿದ ಮೇಲೆ ಅತ್ತೆಯೇ ಬಂದು, "ಗಂಗಾವತಿಯವರ ಹಂಗ ಸೀರಿ ಉಟ್ರ ಇದು ಆಗಂಗಿಲ್ಲ, ಬಾ ಇಲ್ಲಿ" ಎಂದು, ಕಳೆ ತೆಗೆಯಲು ಹೋಗುವಾಗ ಉಡುವಂತೆ ನನಗೆ ಬಿಗಿಯಾಗಿ ಕಚ್ಚೆ ಹಾಕಿ ಉಡಿಸಿದರು. ನನ್ನ ಕೈ ಹಿಡಿದು ಪಕ್ಕದಲ್ಲಿ ನಡೆದರು. ಹಿತ್ತಲಿನ ಈ ತುದಿಯಿಂದ ಆ ತುದಿಯವರೆಗೆ, ಒಬ್ಬಳು ಗಾಲಿಯ ಮೇಲೆ, ಒಬ್ಬರು ನೆಲದ ಮೇಲೆ. ನಡೆಯುತ್ತ ಮಾತು ಬಂದೇ ಬರುತ್ತದಲ್ಲ. ಅವರ ಮದುವೆ, ಅವರ ಅತ್ತೆ, ಹೊಸದರಲ್ಲಿ ಅವರಿಗೂ ರೊಟ್ಟಿ ಬಾರದೆ ಇದ್ದದ್ದು, ಎಲ್ಲ ಒಂದೊಂದಾಗಿ ಹೊರಬಿತ್ತು.

ಒಂದು ಸಂಜೆ ನಾನು ಇಳಿದಾಗ ಅತ್ತೆ ಸೀಟನ್ನು ಸೆರಗಿನಿಂದ ಒರೆಸುತ್ತ, ಬೇರೆಲ್ಲೋ ನೋಡುತ್ತ, "ನನ್ನ ಒಂದ್ಸಲ ಕುಂದರಸ್ತೀಯೇನ?" ಅಂದರು.

ಕಟ್ಟೆಯ ಮೇಲೆ ನಿಲ್ಲಿಸಿ ಕೂರಿಸಿದೆ. ಎರಡೂ ಕೈಯಿಂದ ನನ್ನ ಹೆಗಲನ್ನು ಹಿಡಿದ ಬಿಗಿಗೆ ಉಗುರು ನಾಟಿದವು. ಗೋಡೆಯ ಪಕ್ಕದಲ್ಲಿ ಒಂದೊಂದೇ ತುಳಿತಕ್ಕೆ ಮುಂದೆ ಸಾಗಿದೆವು. ಐವತ್ತು ದಾಟಿದ ಹೆಂಗಸು, ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು. ಬೇವಿನ ಗಿಡದ ಹತ್ತಿರ ಬಂದಾಗ ಅತ್ತೆ ಒಮ್ಮೆಲೇ, "ನಿಂದ್ರಸು" ಅಂದರು.

"ನಿಂದ್ರಸಾಕ ಬರೂದಿಲ್ಲರಿ ಇದು."

"ನಿಂದ್ರಸು ಅಂದ್ನೆಲ್ಲ. ನೀಲವ್ವನ ಹಿತ್ತಲದಾಗ ನಮ್ಮ ಕೊಡ ಐತಿ."

ಇಬ್ಬರೂ ಕೂಡಿಯೇ ಬಿದ್ದೆವು. ಬಿದ್ದಲ್ಲಿಂದಲೇ ಅತ್ತೆ ಹೇಳಿದರು: ನೆಲದ ಮೇಲೆ ನಿಂತರೆ ಗೋಡೆ ಅಡ್ಡವಾಗುತ್ತದೆ, ಗಾಲಿಯ ಮೇಲಿಂದ ಪಕ್ಕದ ಮನೆಯ ಹಿತ್ತಲು ಪೂರ್ತಿ ಕಾಣುತ್ತದೆ, ಅಲ್ಲಿ ಕುತ್ತಿಗೆ ನೆಗ್ಗಿದ ತಾಮ್ರದ ಕೊಡದಲ್ಲಿ ನೀಲವ್ವ ಕರುವಿಗೆ ಕಲಗಚ್ಚು ಇಟ್ಟಿದ್ದಾಳೆ. ಬೀಳದಂತೆ ಎದುರಿಗಷ್ಟೇ ನೋಡುತ್ತಿದ್ದ ನನಗೆ ಅದು ಕಂಡಿರಲೇ ಇಲ್ಲ.

ಸೀರೆ ಕೊಡವಿಕೊಂಡು ಹೋದರು. ನಾನು ಗೋಡೆಗೆ ಕಿವಿ ಹಚ್ಚಿದೆ.

"ನೀಲವ್ವಾ, ನಮ್ಮ ಕೊಡ ಕೊಡು."

"ನಿಮ್ಮ ಮದುವಿ ಮನ್ಯಾಗಿಂದ ನಮ್ಮ ಸಾಮಾನು ಹೊಳ್ಳಿ ತರೂ ಮುಂದ ಕೂಡಿ ಬಂದಿತ್ತವ್ವ, ಯಾರದು ಅಂತ ತಿಳೀಲಿಲ್ಲ. ಆದ್ರ ಇಲ್ಲೈತಿ ಅಂತ ನಿನಗ ಯಾರು ಹೇಳಿದ್ರು? ಗ್ವಾಡಿ ಹತ್ತಿದ್ದೇನ?"

"ಗ್ವಾಡಿ ಯಾಕ ಹತ್ತಲಿ? ಸೈಕಲ್ ಮ್ಯಾಲೆ ಹೊಂಟಿದ್ದೆ, ಕಂಡಿತು."

ಆಚೆ ಕಡೆ ಕಲಗಚ್ಚು ಸುರುವಿದ ಸದ್ದು ಕೇಳಿತು.

ಕೊಡ ಮನೆಗೆ ಬಂತು. ಹುಣಸೆಹಣ್ಣು ಹಚ್ಚಿ ಬೆಳಗಿ ನೀರು ತುಂಬಿಟ್ಟ ಅತ್ತೆ, ನನ್ನೆದುರು ಬಂದು ನಿಂತರು. ಹೊರಳಿ ಎಮ್ಮೆಯ ಹತ್ತಿರ ಹೋಗಿ, ಅದರ ಕೊರಳು ತುರಿಸುತ್ತ, "ನಂದ ತಪ್ಪಾತು ಅಂತ ಆಕಿಗೆ ಹೇಳು" ಅಂದರು.

ನಾನೂ ಎಮ್ಮೆಯ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತು, "ಇರಲಿ ಬಿಡ್ರಿ ಅಂತ ಹೇಳು" ಅಂದೆ.

ನೀಲವ್ವನ ಬಾಯಿಂದ ಸುದ್ದಿ ಬಸ್ ಸ್ಟ್ಯಾಂಡಿಗೆ ಮುಟ್ಟಲು ತಡವಾಗಲಿಲ್ಲ. ಶನಿವಾರ ಬಸ್ಸಿಳಿದ ನಮ್ಮವರು ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದರು.

"ಯವ್ವಾ, ಊರಾಗ ಮಂದಿ ಏನಂತಾರ ಗೊತ್ತೈತೇನ? ನೀ ಸರ್ಕಸ್ ಸೇರೀದಿ ಅಂತಾರ."

"ಎಲ್ಲೀದು ತಗಿ. ನನಗ ಇನ್ನೂ ಕೈ ಹಿಡಿಯಬೇಕು" ಎಂದರು ಅತ್ತೆ.

ನಮ್ಮವರು ನನ್ನ ಕಡೆ ತಿರುಗಿದರು. "ಕೊಪ್ಪಳದಾಗ ಖೋಲಿ ಸಿಕ್ಕೈತಿ. ಸೋಮವಾರ ಸಾಮಾನು ಕಟ್ಕೊಂಡು ನನ್ನ ಜೋಡಿ ಹೊಂಡು."

ಮದುವೆಯಾದಾಗಿನಿಂದ ಕೇಳಬೇಕೆಂದಿದ್ದ ಮಾತು. ಅತ್ತೆ ಒಂದು ಹಿಡಿ ಕಣಿಕೆ ತೆಗೆದುಕೊಂಡು ಎಮ್ಮೆಯ ಕಡೆ ಹೋದರು. ಅದರ ಮುಂದೆ ಹಾಕಿದರು. ಎಮ್ಮೆಗೂ ಏನೂ ಹೇಳಲಿಲ್ಲ. ಸುಮ್ಮನೆ ಅದರ ಬೆನ್ನ ಮೇಲೆ ಕೈಯಿಟ್ಟು, ನಮಗೆ ಬೆನ್ನು ಮಾಡಿ ನಿಂತರು.

"ಸೋಮವಾರ ಆಗಂಗಿಲ್ಲರಿ" ಅಂದೆ. "ನಾ ಇನ್ನೂ ತಿರುವು ಕಲ್ತಿಲ್ಲ."

"ಎಂಥಾ ತಿರುವು?"

"ಸೀದಾ ಹೋಗಾಕ ಬರತೈತಿ. ಹೊಳ್ಳಿ ಬರಾಕ ಬರೂದಿಲ್ಲ."

ಅವರು ನನ್ನನ್ನೂ ತಾಯಿಯ ಬೆನ್ನನ್ನೂ ನೋಡಿ, ಚೀಲ ಕೆಳಗಿಟ್ಟು, ಕೈಕಾಲು ತೊಳೆಯಲು ಹೋದರು. ಮರುದಿನ ನಾವಿಬ್ಬರೂ ಗುಡಿಗೆ ಹೋಗಿ ಬರುವಷ್ಟರಲ್ಲಿ ಅವರ ಬಲ ಮಣಿಕಟ್ಟು ಊದಿತ್ತು. ಬಾಗಿಲು ಬಡಿಯಿತು ಎಂದರು. ಕಣಿಕೆಯ ಚೂರುಗಳು ತಲೆಯಲ್ಲಿ ಹಾಗೇ ಇದ್ದವು, ನಾವು ಕೇಳಲಿಲ್ಲ.

ತಿರುವನ್ನೂ ಕಲಿತೆ. ಕಲಿಸುವವರು ಹೇಳದೇ ಕೈಬಿಟ್ಟು ಹಿಂದೆ ಉಳಿಯುತ್ತಾರಂತೆ. ನಮ್ಮ ಅತ್ತೆ ಹಾಗೆ ಮಾಡಲಿಲ್ಲ. "ಈಗ ಬಿಡ್ತೀನಿ" ಅಂದರು. "ಬ್ಯಾಡ್ರಿ" ಅಂದೆ. "ಬಿಟ್ಟೆ" ಅಂದರು. ಬೇವಿನ ಗಿಡವನ್ನು ಸುತ್ತಿ, ಬಣವೆಯ ಪಕ್ಕದಿಂದ ಹಾದು, ಅವರು ನಿಂತಲ್ಲಿಗೇ ಮರಳಿ ಬಂದು ಅವರ ಮೈಮೇಲೆಯೇ ಬಿದ್ದೆ.

ಶಕೀಲಾ ಹೆಣ್ಣುಕೂಸನ್ನು ಎತ್ತಿಕೊಂಡು ಬಂದಾಗ ಚಳಿ ಶುರುವಾಗಿತ್ತು. ಕೂಸನ್ನು ಅತ್ತೆಯ ತೊಡೆಯ ಮೇಲೆ ಹಾಕಿ ತಾನೊಂದು ಸುತ್ತು ಹೊಡೆದಳು, ಆಮೇಲೆ ನಾನು ಹೊಡೆದೆ. "ಛಲೋ ಕಲ್ತೀದಿ ತಂಗೀ. ನಮ್ಮ ಜೋಡಿ ಬಂದುಬಿಡು, ಊರೂರು ತಿರುಗೂಣು" ಎಂದು ನಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಆಕಿ ಎಲ್ಲೀಗೂ ಬರೂದಿಲ್ಲ" ಅಂದರು. ಅದು ನಗೆಯ ಮಾತು ಎಂಬುದು ಅವರಿಗೆ ತಿಳಿಯಲೇ ಇಲ್ಲ. ಶಕೀಲಾ ಗಾಲಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಮತ್ತೆ ಅವಳನ್ನು ನೋಡಲಿಲ್ಲ.

ಖೋಲಿಯಲ್ಲಿ ಕೆಲವು ತಿಂಗಳು ಒಬ್ಬರೇ ಇದ್ದು, ಖಾನಾವಳಿಯಲ್ಲಿ ಉಂಡು ಸೊರಗಿದ ನಮ್ಮವರು ಯಲಬುರ್ಗಾಕ್ಕೆ ವರ್ಗ ಮಾಡಿಸಿಕೊಂಡು ಮನೆಯಿಂದಲೇ ಓಡಾಡತೊಡಗಿದರು. ನಾನು ಮತ್ತೆ ಯಾವ ಸೈಕಲ್ಲನ್ನೂ ಹತ್ತಲಿಲ್ಲ. ಎರಡು ಗಾಲಿಯದು ಇವತ್ತಿಗೂ ನನಗೆ ಬರುವುದಿಲ್ಲ.

ನಿನ್ನೆ ಬಸ್ಸಿನಲ್ಲಿ ಬೇವೂರಿನ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಕುಳಿತಿದ್ದಳು. ಅದೂ ಇದೂ ಮಾತಾಡುತ್ತ, "ನಿಮ್ಮ ತವರಮನಿ ಯಾವೂರ್ರಿ ಅಮ್ಮಾ?" ಎಂದು ಕೇಳಿದಳು.

"ಕುಷ್ಟಗಿ" ಅಂದೆ.

ಬಸ್ಸು ಒಂದಷ್ಟು ದೂರ ಹೋದ ಮೇಲೆ ನಾನೇನು ಹೇಳಿದೆನೆಂದು ನನಗೆ ಹೊಳೆಯಿತು. ಗಂಗಾವತಿ ಎಂದು ತಿದ್ದಬೇಕೆಂದು ಅವಳ ಕಡೆ ತಿರುಗಿದೆ. ಅಷ್ಟರಲ್ಲಿ ಅವಳು, "ಅವ್ವ ಅದಾರೇನ್ರಿ?" ಎಂದು ಮುಂದಿನ ಪ್ರಶ್ನೆ ಕೇಳಿಯಾಗಿತ್ತು.

"ಇಲ್ಲವ್ವ" ಅಂದೆ, "ತೀರಿಕೊಂಡು ಭಾಳ ವರ್ಷಾತು."