ದಾಳ ನಿಲ್ಲುವ ಮೊದಲೇ

ಆ ದಿನ ದಾಳದ ಮೇಲೆ ಯಾವ ಸಂಖ್ಯೆ ಬಿದ್ದಿತ್ತೋ ನನಗೆ ಗೊತ್ತಿಲ್ಲ. ಹದಿನೇಳು ಎಂದು ಒಮ್ಮೊಮ್ಮೆ ಕಣ್ಣಿಗೆ ಕಟ್ಟುತ್ತದೆ — ಏಳರ ಗೀಟಿನಲ್ಲಿ ಬಿಳಿ ಬಣ್ಣ ಒಂದಿಷ್ಟು ಕಿತ್ತುಹೋಗಿದ್ದೂ ಸೇರಿ. ಇನ್ನೊಮ್ಮೆ ಅದು ಎಂಟು. ನಿಜಕ್ಕೂ ಮೂರೇ ಬಿದ್ದಿತ್ತೇನೋ ಎಂದು ನಂಬಲು ಹೊರಟ ದಿನಗಳೂ ಇವೆ; ಹಾಗಿದ್ದರೆ ನಾನು ಹೇಳಿದ್ದು ಸುಳ್ಳಲ್ಲ ಎಂದಾಗುತ್ತದಲ್ಲ... ಆದರೆ ಇಷ್ಟನ್ನು ಒಪ್ಪಿಕೊಳ್ಳಲೇಬೇಕು. ದಾಳ ಇನ್ನೂ ಉರುಳುತ್ತಿದ್ದಾಗಲೇ ‘ಮೂರು’ ಎಂದು ಹೇಳುವುದೆಂದು ತೀರ್ಮಾನಿಸಿದ್ದೆ. ಹೇಳಿದೆ. ಆಮೇಲೆ ಅಂಗೈ ಮುಚ್ಚಿ ದಾಳವನ್ನು ಎತ್ತಿಕೊಂಡೆ.

ಮೋಸ ಹೋದವಳು ಶೈಲಜಾ.

ಮೇಜಿನ ಸುತ್ತ ಕೂತು ಆಡುವ ಈ ಆಟವನ್ನು ಕಾಣದವರಿಗೆ ಎರಡು ಮಾತು. ಒಬ್ಬ ಒಂದು ಲೋಕದ ಕಥೆ ಹೇಳುತ್ತಾ ಹೋಗುತ್ತಾನೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಕಥೆ ನಡೆಸುವವನ ಮುಂದೆ ಒಂದು ಮರೆ ಇರುತ್ತದೆ, ಅವನ ದಾಳ ಮಿಕ್ಕವರಿಗೆ ಕಾಣುವುದಿಲ್ಲ. ಅವನು ಹೇಳಿದ್ದನ್ನು ನಂಬಬೇಕು.

ನಮ್ಮಲ್ಲಿ ನಡೆಸುವವನು ನಾನು. ಚನ್ನಪಟ್ಟಣದ ಬೊಂಬೆ ಗೋಡೌನೊಂದರ ಮೇಲಿನ ಕೋಣೆ, ಭಾನುವಾರದ ಮಧ್ಯಾಹ್ನಗಳು, ಕೆಳಗಿನಿಂದ ಅರಗಿನ ವಾಸನೆ. ಬೊಂಬೆಗಳ ಊರಲ್ಲೇ ಕೂತಿದ್ದರೂ ದಾಳ ಮಾತ್ರ ಆನ್‌ಲೈನಿನಲ್ಲಿ ತರಿಸಿದ ಪ್ಲಾಸ್ಟಿಕ್ಕಿನದು. ಮರೆಯೆಂದರೆ ಬೊಂಬೆ ತುಂಬುವ ರಟ್ಟಿನ ಪೆಟ್ಟಿಗೆ ಬಿಡಿಸಿ ನಿಲ್ಲಿಸಿದ್ದು. ಆಡುವವರು ಇಬ್ಬರು. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿದ್ದ ನನ್ನ ಗೆಳೆಯ ಲಿಂಗರಾಜ, ಮತ್ತು ಅವನ ದೊಡ್ಡಪ್ಪನ ಮಗಳು ಶೈಲಜಾ. ಬಿ.ಫಾರ್ಮ್ ಓದಿದ್ದ ಅವಳು ಪೇಟೆಯ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು; ವಿರೂಪಾಕ್ಷಿಪುರದಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು.

ಜಗಳ ಶುರುವಾದದ್ದು ಮಂತ್ರದ ವಿಚಾರಕ್ಕೆ. ನಾನು ಭೌತಶಾಸ್ತ್ರದ ಎಂ.ಎಸ್ಸಿ. ಊರೂರು ಸುತ್ತಿ, ಬೂದಿ ಉದುರಿಸುವ ಬಾಬಾಗಳ ಕೈಚಳಕವನ್ನು ಜನರ ಮುಂದೆ ಬಿಡಿಸಿ ತೋರಿಸುತ್ತಿದ್ದವನು. ಆಟದ ಮಾಯೆಗೂ ಲೆಕ್ಕ ಇರಬೇಕು ಎಂಬುದು ನನ್ನ ಹಟ: ಮಾಂತ್ರಿಕನಿಗೆ ದಿನಕ್ಕೆ ಇಷ್ಟೇ ಮಂತ್ರ, ಒಂದೊಂದಕ್ಕೂ ಇಷ್ಟೇ ದೂರ, ಇಷ್ಟೇ ಹೊತ್ತು. ಲಿಂಗರಾಜನ ಪಾತ್ರ ಹಾಗೆಯೇ ನಡೆದಿತ್ತು. ಶೈಲಜಾಗೆ ಅದು ಹಿಡಿಸಲೇ ಇಲ್ಲ.

“ಇದು ಮಾಯೆನಾ ಮಾಸ್ಟ್ರೇ, ಆಂಟಿಬಯಾಟಿಕ್ಕಾ? ಬೆಳಿಗ್ಗೆ ಒಂದು, ರಾತ್ರಿ ಒಂದು, ಐದ್ ದಿನ ತಪ್ಪಿಸ್ಬೇಡಿ. ವಾರವೆಲ್ಲ ಇದ್ನೇ ಹೇಳ್ತೀನಿ. ಭಾನ್ವಾರನೂ ಇದೇನಾ?”

“ಮುಂಚೆ ಒಸಿ ಊಟ ಮಾಡ್ಬೇಕಾ ಕೇಳಕ್ಕಾ,” ಎಂದ ಲಿಂಗರಾಜ.

ಅವಳು ಕೇಳಿದ್ದು ಹರಕೆಯ ಮಾಯೆ. ಮಂತ್ರಗಳ ಪಟ್ಟಿಯೇ ಬೇಡ. ಏನನ್ನು ಬೇಕಾದರೂ ಬೇಡಬಹುದು. ಆದರೆ ಬೇಡುವ ಮೊದಲು ಪಾತ್ರ ತನ್ನದೇನನ್ನು ಕೊಡುತ್ತದೆ ಎಂದು ಎಲ್ಲರೆದುರು ಹೇಳಬೇಕು. ಕೊಟ್ಟದ್ದು ಮತ್ತೆ ಬರುವುದಿಲ್ಲ. ಬೇಡಿದ್ದು ದೊಡ್ಡದಾದಷ್ಟೂ ಕೊಡುವುದು ನೋಯುವಂಥದ್ದಾಗಿರಬೇಕು.

“ಎಷ್ಟು ನೋಯಬೇಕು ಅಂತ ಅಳೆಯೋರ್ಯಾರು? ಎಲ್ಲ ನಡೆಸೋನ ಮರ್ಜಿಗೆ ಬಿಟ್ಟ ಹಾಗಾಯ್ತು. ದಾಳಕ್ಕೆ ಮರ್ಜಿ ಇಲ್ಲ. ದಾಳ ಸುಳ್ಳು ಹೇಳಲ್ಲ.” ಹೀಗೆಂದವನು ನಾನು. ಈ ಮಾತು ಮಾತ್ರ ನನಗೆ ಅಕ್ಷರ ಬಿಡದೆ ನೆನಪಿದೆ — ನೆನಪು ಹೀಗೆ ಆಯ್ದು ಆಯ್ದು ಹೊಡೆಯುತ್ತದೆ.

ಕೊನೆಗೆ ಒಂದು ರಾಜಿಯಾಯಿತು. ಅವಳ ಪಾತ್ರಕ್ಕೆ ಹರಕೆ, ಲಿಂಗರಾಜನಿಗೆ ಲೆಕ್ಕ. ಹರಕೆ ಹೊತ್ತ ಮೇಲೆ ನಾನು ಮರೆಯೊಳಗೆ ದಾಳ ಉರುಳಿಸುವುದು. ಹತ್ತು ದಾಟಿದರೆ ಬೇಡಿದ್ದು ಸಿಕ್ಕಿತು.

ಅವಳ ಪಾತ್ರದ ಹೆಸರು ಕೆಂಪಿ, ಹಾಡುತ್ತಾ ಊರೂರು ಅಲೆಯುವವಳು. ಹಸಿ ಸೌದೆ ಹತ್ತಿಕೊಳ್ಳಲೆಂದು ಕೆಂಪಿ ಬೆಲ್ಲದ ರುಚಿಯನ್ನು ಕೊಟ್ಟಳು. ಕಥೆಯೊಳಗೆ ಮುಂದೊಂದು ಊರಿನಲ್ಲಿ ಯಾರೋ ಹೋಳಿಗೆ ಬಡಿಸಿದಾಗ ಶೈಲಜಾ ಸುಮ್ಮನೆ ತಲೆ ತಗ್ಗಿಸಿ ಅಗಿದಳು. ಬರೀ ಹಿಟ್ಟು ಅಗಿಯುವ ಹಾಗೆ. ನಾವಿಬ್ಬರೂ ಅವಳನ್ನೇ ನೋಡಿದೆವು. ನಾನು ಲೆಕ್ಕ ಹಾಕಿ ಹೆಣೆದ ಯಾವ ಮಂತ್ರವೂ ಆ ಕೋಣೆಯನ್ನು ಅಷ್ಟು ನಿಶ್ಶಬ್ದವಾಗಿಸಿರಲಿಲ್ಲ.

“ನನ್ ಲಿಸ್ಟ್ ಹರ್ದಾಕ್ಬುಡ್ಲಾ,” ಎಂದ ಲಿಂಗರಾಜ. “ನಾನೂ ಹರಕೆ ಹೊತ್ಕತೀನಿ. ನಿಂದು ಬರೀ ಕರೆಂಟ್ ಬಿಲ್ ಇದ್ದಂಗೈತೆ ಕಣ್ಲಾ.”

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಮುಂದಿನ ವಾರ ಕಥೆಯಲ್ಲಿ ದೊಡ್ಡ ಗಂಡಾಂತರ ಬರುವುದಿತ್ತು. ಅಲ್ಲಿ ಹರಕೆ ಫಲಿಸಿದರೆ ಆಟವನ್ನೇ ಪೂರ್ತಿ ಹರಕೆಗೆ ಬದಲಿಸುವುದೆಂದು ಮಾತಾಯಿತು. ಲೆಕ್ಕ ಬಿಟ್ಟರೆ ನನ್ನಲ್ಲಿ ಬೇರೇನೂ ಇರಲಿಲ್ಲ, ಅದು ನನಗೆ ಗೊತ್ತಿತ್ತು.

ಆ ಭಾನುವಾರ ಕಥೆಯ ಕೆರೆ ತುಂಬಿ, ಏರಿ ಬಿರುಕು ಬಿಟ್ಟಿತು. ಕೆಳಗೆ ಊರು. ಲಿಂಗರಾಜನ ಮಂತ್ರಗಳು ಅಂದಿಗೆ ಮುಗಿದಿದ್ದವು. ಶೈಲಜಾ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು. ಆಮೇಲೆ, “ಕೆಂಪಿ ತನ್ನ ದನೀನೇ ಕೊಡ್ತಾಳೆ. ಏರಿ ನಿಲ್ಲಲಿ,” ಎಂದಳು.

ದಾಳ ಉರುಳಿತು. ‘ಮೂರು’ ಎಂದೆ. ಏರಿ ಒಡೆಯಿತು, ಊರು ಮುಳುಗಿತು.

ಲಿಂಗರಾಜ ರೇಗಿದ. “ಬೇಡಿದ್ದು ಸಿಗ್ಲಿಲ್ಲ ಅಂದ್ಮೇಲೆ ಕೊಡದೇನು? ದನಿ ಮಡಿಕ್ಕೊ ಅಕ್ಕಾ!”

ಅವಳು ಅವನ ಕಡೆ ತಿರುಗಿದಳು. “ಹಂಗಲ್ಲ ಕಣೋ ಲಿಂಗ. ಹೊತ್ತಿದ್ದು ನಾನು. ಏರಿ ನಿಲ್ದಿದ್ರೆ ಅದು ಏರಿ ಪಾಡು. ದನಿ ಕೊಟ್ಟಾಯ್ತು.”

ಅವು ಆ ಮೇಜಿನಲ್ಲಿ ಅವಳಾಡಿದ ಕೊನೆಯ ಮಾತುಗಳು. ಆ ಮಳೆಗಾಲವೆಲ್ಲ ಅವಳು ಬಂದಳು, ಆಡಿದಳು, ಮಾತಾಡಲಿಲ್ಲ. ಕೈಸನ್ನೆ, ಕಣ್ಣು, ಮೇಜಿನ ಮೇಲೆ ಬೆರಳಿನ ತಟ್ಟು, ಇಷ್ಟರಲ್ಲೇ ಕೆಂಪಿ ಬದುಕಿದಳು, ಜಗಳವಾಡಿದಳು, ಒಮ್ಮೆ ನಗಿಸಿ ನಗಿಸಿ ಲಿಂಗರಾಜ ಟೀ ಚೆಲ್ಲಿಕೊಳ್ಳುವಂತೆಯೂ ಮಾಡಿದಳು. ನಾನು ಕಂಡ ಆಟಗಾರರಲ್ಲಿ ಅಷ್ಟು ಚೆನ್ನಾಗಿ ಆಡಿದವರು ಇನ್ನೊಬ್ಬರಿಲ್ಲ. ಇದನ್ನು ಅವಳಿಗೆ ಆಗಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದರೆ ಮೊದಲು ಬರಬೇಕಾದ ಮಾತು ಬೇರೆಯೇ ಇತ್ತಲ್ಲ...

ಒಮ್ಮೆ ತಲೆನೋವಿನ ಮಾತ್ರೆಯ ನೆಪ ಮಾಡಿಕೊಂಡು ಅವಳ ಅಂಗಡಿಗೆ ಹೋದೆ. ಅಲ್ಲಿ ಎಂದಿನ ಹಾಗೇ ಮಾತು: “ಖಾಲಿ ಹೊಟ್ಟೇಲಿ ನುಂಗ್ಬೇಡಿ ಮಾಸ್ಟ್ರೇ. ಇಷ್ಟ್ ಯೋಚ್ನೆ ಮಾಡಿದ್ರೆ ತಲೆ ನೋಯ್ದೆ ಇನ್ನೇನು!” ಹಿಂದೆ ಯಾರೂ ನಿಂತಿರಲಿಲ್ಲ. ಹೇಳಬಹುದಿತ್ತು. ಮಾತ್ರೆ ತೆಗೆದುಕೊಂಡು ಬಂದೆ.

ಹೇಳುವ ಬದಲು ಕಥೆಯೊಳಗೆ ದಾರಿ ಹುಡುಕಿದೆ. ಬಂಡೆಗಳ ನಡುವೆ ಒಂದು ಚಿಲುಮೆ, ಅದರ ನೀರು ಕುಡಿದರೆ ಕಳಕೊಂಡದ್ದು ಮರಳುತ್ತದೆ ಎಂದೆ. ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಅನುಮಾನವಿತ್ತೋ ಇಲ್ಲವೋ, ಈಗ ಹೇಳಲಾರೆ. ಆಮೇಲೆ ಬೊಗಸೆ ತುಂಬಿದಂತೆ ಮಾಡಿ, ನೀರನ್ನು ಲಿಂಗರಾಜನ ಮಾಂತ್ರಿಕನ ಕುಂಟು ಕತ್ತೆಗೆ ಕುಡಿಸಿದಳು. ಕತ್ತೆ ಕುಣಿಯಿತು. ಕೊಟ್ಟದ್ದು ಮತ್ತೆ ಬರುವುದಿಲ್ಲ ಎಂಬುದು ಅವಳದೇ ನಿಯಮ. ಅದನ್ನು ಮುರಿಯುವ ಸುಲಭದ ದಾರಿಯನ್ನು ನಾನೇ ಕೈಗಿಟ್ಟರೂ ಅವಳು ಮುರಿಯಲಿಲ್ಲ. ನನ್ನ ನಿಯಮ ಒಂದೇ ಇದ್ದದ್ದು, ದಾಳ ಹೇಳಿದ್ದು ಹೇಳಿದ್ದೇ ಎಂಬುದು...

ಹರಕೆ ಫಲಿಸಿರಲಿಲ್ಲವಾದ್ದರಿಂದ ಆಟ ಬದಲಾಗಲಿಲ್ಲ, ನಾನು ಗೆದ್ದೆ. ಲಿಂಗರಾಜನ ಶಿಫ್ಟು ಬದಲಾದಾಗ ಕೋಣೆ ಖಾಲಿಯಾಯಿತು. ಹರಕೆಯ ಮಾಯೆ ನಡೆಸುವವನ ಮರ್ಜಿಯ ಮೇಲೆ ನಿಲ್ಲುತ್ತದೆ ಎಂಬ ನನ್ನ ವಾದ ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಲೆಕ್ಕದ ಮಾಯೆಯೂ ಅದರ ಮೇಲೆಯೇ ನಿಂತಿತ್ತು ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಶೈಲಜಾ ಈಗ ಮಾಗಡಿಯಲ್ಲಿದ್ದಾಳೆ. ಬಿಡುವಿನ ದಿನ ಕೆಲವು ಹುಡುಗಿಯರನ್ನು ಕೂಡಿಸಿಕೊಂಡು ಆಟ ನಡೆಸುತ್ತಾಳಂತೆ, ಹರಕೆಯದೇ. ಮೇಜಿನ ಮೇಲೆ ಮರೆ ಇರುವುದಿಲ್ಲವಂತೆ. ಇದನ್ನು ಅಚ್ಚಿಗೆ ಕೊಡುವ ಮೊದಲು ಮಾಗಡಿಗೆ ಹೋಗಿ, ಅವಳೆದುರು ಕೂತು ಓದುತ್ತೇನೆ. ನೀವು ಇದನ್ನು ಓದುತ್ತಿದ್ದೀರಿ ಎಂದರೆ ಅವಳಿಗೆ ತಿಳಿದಿದೆ. ಕ್ಷಮೆ ಕೇಳುವುದಷ್ಟೇ ನನ್ನ ಕೆಲಸ, ಮಿಕ್ಕದ್ದು ಅವಳದು.

ದಾಳದ ಸಂಖ್ಯೆಯನ್ನು ಪರೀಕ್ಷಿಸಲು ದಾರಿಯಿಲ್ಲ. ಇನ್ನೊಂದನ್ನು ಪರೀಕ್ಷಿಸಿದೆ. ಕೊನೆಯ ದಿನ ಮೆಟ್ಟಿಲಿಳಿಯುವಾಗ ಶೈಲಜಾ ‘ಬತ್ತೀನಿ’ ಎಂದಳು ಎಂದೇ ಇಷ್ಟು ವರ್ಷ ನಂಬಿದ್ದೆ. ಅವಳು ಆ ಒಂದು ಮಾತಾದರೂ ಆಡಿದ್ದರೆ ನಾನು ಕಿತ್ತುಕೊಂಡದ್ದು ಅಷ್ಟೇನೂ ಅಲ್ಲ ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಹಾರೋಹಳ್ಳಿ ಬಸ್ ಸ್ಟಾಪಿನಲ್ಲಿ ಲಿಂಗರಾಜನಿಗೆ ಎಲ್ಲವನ್ನೂ ಹೇಳಿ, ಇದನ್ನು ಕೇಳಿದೆ. ಅವನು ರಸ್ತೆಯ ಕಡೆ ತಿರುಗಿಕೊಂಡೇ ಹೇಳಿದ.

“ಅಕ್ಕ ಎಲ್ಲಂದ್ಲು? ಬತ್ತೀನಿ ಅಂದಿದ್ದು ನಾನು ಕಣ್ಲಾ. ಅವ್ಳು ಕೈಯೆತ್ತಿ ಹೊಂಟೋದ್ಲು.”

ಆ ದಿನ ಅವನೇ ತೆಗೆದಿದ್ದ ವಿಡಿಯೊ ಇನ್ನೂ ಫೋನಿನಲ್ಲಿತ್ತು. ಹಾಕಿಸಿಕೊಂಡು ನೋಡಿದೆ. ಶೈಲಜಾ ಮೆಟ್ಟಿಲ ಮೇಲಿಂದ ತಿರುಗಿ ನೋಡುತ್ತಾಳೆ, ನಗುತ್ತಾಳೆ, ಕೈಯೆತ್ತುತ್ತಾಳೆ. ತುಟಿ ಅಲುಗುವುದಿಲ್ಲ. ‘ಬತ್ತೀನಿ’ ಎಂಬ ದನಿ ಲಿಂಗರಾಜನದು.